ಮೇಲಿನಿಂದ ಮೆಟ್ಟಿಲು ಕಾಣುವುದಿಲ್ಲ

ಫೆಬ್ರವರಿ 4

ನನ್ನ ಸೂಜಿಗೆ,

ಕಾಗದದ ಮೊದಲ ಸಾಲಿನಲ್ಲಿ ‘ನಾನು ಕ್ಷೇಮ’ ಎಂದು ಬರೆಯುವುದು ರೂಢಿ. ನಾನು ಕ್ಷೇಮಕ್ಕಿಂತ ಒಂದು ಮೆಟ್ಟಿಲು ಮೇಲಿದ್ದೇನೆ. ನೀನು ನಕ್ಷೆ ವಿಭಾಗಕ್ಕೇ ಮುಖ್ಯಸ್ಥೆಯಾದೆ ಎಂದು ಫೋನಿನಲ್ಲಿ ಅರ್ಧ ನಿಮಿಷ ಹೇಳಿ, ‘ಮೀಟಿಂಗ್ ಇದೆ’ ಎಂದು ಇಟ್ಟುಬಿಟ್ಟೆ. ಆ ಅರ್ಧ ನಿಮಿಷವನ್ನು ನಾನು ಬೀದಿಯಲ್ಲಿ ಒಂದು ವಾರ ಹಂಚಿದೆ. ಇನ್ನೂ ಮಿಕ್ಕಿದೆ.

ಫೋನು ನನಗೆ ಆಗಿಬರುವುದಿಲ್ಲ. ಅದರಲ್ಲಿ ನನ್ನ ಕೈಬರಹ ಕಾಣುವುದಿಲ್ಲ. ಈ ಊರಿನ ಅಂಗಡಿಗಳ ಹಣೆಯ ಮೇಲಿರುವ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ನನ್ನ ಬ್ರಷ್ಷಿನಿಂದ ಇಳಿದವು. ಬಾಗಿಲ ಮೇಲಿನ ಮನೆ ಸಂಖ್ಯೆಗಳಂತೂ ಪೂರ್ತಿ ನನ್ನವೇ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಟಿಚೀಲ ಬಿಸಾಕಿ ಬಂದವನ ಅಕ್ಷರ ನೋಡಿ ಜನ ಡಾಕ್ಟರ ಮನೆ ಹುಡುಕುತ್ತಾರೆ. ಡಾಕ್ಟರ ಅಕ್ಷರ ನೋಡಿ ಔಷಧ ಹುಡುಕಲಿ, ನೋಡೋಣ!

ಕ್ಷೌರದಂಗಡಿಯಲ್ಲಿ ನಿನ್ನ ಕೆಲಸ ಏನೆಂದು ವಿವರಿಸಿದೆ. “ಸರ್ಕಾರದ ರಸ್ತೆ, ಮನೆ, ಕೆರೆ, ಚರಂಡಿ ಎಲ್ಲಾ ಅವಳ ಕಂಪ್ಯೂಟರ್ ಒಳಗಿದೆ ಕಣೋ. ಅದನ್ನ ಬರೆಯೋ ಜನರನ್ನೆಲ್ಲ ಆಳೋಳು ನಮ್ಮ ಸೂಜಿ” ಎಂದೆ. ಕ್ಷೌರದವನು ಕತ್ತರಿ ನಿಲ್ಲಿಸಿ, “ಹಾಗಾದ್ರೆ ನಮ್ಮ ಬೀದಿ ಚರಂಡಿ ಕಂಪ್ಯೂಟರ್ ಒಳಗಾದ್ರೂ ಹರಿಯುತ್ತಾ ಕೇಳು” ಎಂದ. ಹೊಟ್ಟೆಕಿಚ್ಚು. ಅವನ ಅಂಗಡಿಯ ಬೋರ್ಡಿಗೆ ಮುಂದಿನ ಸಲ ಕತ್ತರಿಯ ಬದಲು ಕುಡುಗೋಲು ಬರೆದುಕೊಡುತ್ತೇನೆ.

ಯಾವಾಗ ಬರುತ್ತೀಯ ಎಂದು ನಾನು ಕೇಳುವುದಿಲ್ಲ. ದೊಡ್ಡ ಹುದ್ದೆಯವರನ್ನು ಹಾಗೆಲ್ಲ ಕೇಳಬಾರದು. ಅಕ್ಕನನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ಬಂದವಳು ಕೆಳಗಿನಿಂದಲೇ ಹೋದೆ, ಮಹಡಿ ಹತ್ತಲಿಲ್ಲ. ಎರಡು ಮಳೆಗಾಲ ಕಳೆಯಿತು. ಮೇಲೆ ಅಕ್ಕನ ಕೋಣೆಯ ಕಿಟಕಿಯನ್ನು ದಿನಾ ತೆರೆದು ಮುಚ್ಚುತ್ತೇನೆ. ನಿನ್ನಮ್ಮನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತೇನೆ. ಇದನ್ನು ಸುಮ್ಮನೆ ತಿಳಿಸಿದೆ, ಅಷ್ಟೆ.

ನಿನ್ನ ಸೋದರಮಾವ,
ಊರಿನ ಏಕಮಾತ್ರ ಅಕ್ಷರವೀರ


ಫೆಬ್ರವರಿ 22

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ತಡವಾಗಿದ್ದಕ್ಕೆ ಬೇಸರಿಸಬೇಡಿ.

ಇಲ್ಲಿ ಕೆಲಸ ತಲೆಯ ಮೇಲೆ ಕೂತಿದೆ. ಮಳೆ ಹಿಡಿಯುವ ಹೊತ್ತಿಗೆ ಎಲ್ಲ ಊರುಗಳ ಎಲ್ಲ ಕಟ್ಟಡಗಳೂ ನಕ್ಷೆಗೆ ಬರಬೇಕು, ಯಾವುದರಲ್ಲಿ ಜನ ವಾಸವಾಗಿದ್ದಾರೆ ಎಂಬುದೂ ಸೇರಿ. ಆಮೇಲೆ ಕಂಟ್ರೋಲ್ ರೂಮಿನವರು ಅದನ್ನೇ ನೋಡಿಕೊಂಡು ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ, ನೆರೆ ಬಂದರೆ ದೋಣಿ ಕಳಿಸುತ್ತಾರೆ. ನಕ್ಷೆಯಲ್ಲಿ ಇಲ್ಲದ ಮನೆಗೆ ಯಾರೂ ಬರುವುದಿಲ್ಲ.

ನನ್ನ ಕೈಕೆಳಗೆ ಎರಡು ಪಂಗಡ. ಕುರ್ಚಿಯಲ್ಲಿ ಕೂತು ವಿಮಾನದಿಂದ ತೆಗೆದ ಚಿತ್ರದ ಮೇಲೆ ಗೆರೆ ಎಳೆಯುವವರು ಮೇಜಿನವರು. ಊರೂರಿಗೆ ಹೋಗಿ ನಡೆದು ನೋಡಿ ಬರುವವರು ಕಾಲಿನವರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು. ‘ಚಿತ್ರದಲ್ಲಿ ರಸ್ತೆ ಕಾಣ್ತಿದೆಯಲ್ಲ’ ಎಂದು ಇವರು. ‘ಹೋಗಿ ನಡೀರಿ, ಅದು ಒಣಗಿದ ಕಾಲುವೆ’ ಎಂದು ಅವರು. ಮಧ್ಯೆ ನಾನು. ನಕ್ಷೆಯಲ್ಲಿ ತಪ್ಪಿದೆ ಎಂದು ಯಾರೇ ದೂರು ಕೊಟ್ಟರೂ ನಮ್ಮವರು ಆ ಜಾಗಕ್ಕೆ ಹೋಗಿ ನೋಡಿಯೇ ತಿದ್ದಬೇಕು ಎಂದು ನಿಯಮ ಮಾಡಿದ್ದೇನೆ. ನಿಮ್ಮ ಪುರಸಭೆಯಲ್ಲೂ ದೂರಿನ ಪೆಟ್ಟಿಗೆ ಇಟ್ಟಿದ್ದಾರೆ.

ಸದ್ಯಕ್ಕೆ ಬರಲು ಆಗುವುದಿಲ್ಲ. ಯಂತ್ರಕ್ಕೆ ಎಣ್ಣೆ ಬಿಡುವ ಅಗತ್ಯವಿಲ್ಲ, ಮಾವ. ಯಾರು ಹೊಲಿಯುತ್ತಾರೆ?

ಇಂತಿ,
ಸೂಜಿ


ಮಾರ್ಚ್ 18

ನನ್ನ ಸೂಜಿಗೆ,

ಯಾವಾಗಿನಿಂದ ನಾನು ನಿನಗೆ ‘ನೀವು’ ಆದೆ? ನಿನ್ನ ಮೊದಲ ಹಲ್ಲು ಬಿದ್ದಾಗ ನನ್ನ ಕಿವಿ ಹಿಂಡಿ ‘ನೀನೇ ಕದ್ದೆ’ ಎಂದು ಅತ್ತವಳು ನೀನು. ಕಾಗದ ಓದುವಾಗ ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ದೊಡ್ಡ ಮನುಷ್ಯರು ನಿಂತಿದ್ದಾರೇನೋ ಎಂದು.

ಇರಲಿ. ಪುರಸಭೆಯ ಗೋಡೆಗೆ ನಿನ್ನ ವಿಭಾಗದ ನಕ್ಷೆ ತೂಗುಹಾಕಿದ್ದಾರೆ. ಚೆನ್ನಾಗಿದೆ, ಅಕ್ಷರ ಮಾತ್ರ ಇರುವೆ ಗಾತ್ರ. ಅದರಲ್ಲಿ ಐಸ್ ಫ್ಯಾಕ್ಟರಿ ಪಕ್ಕದ ಓಣಿ ತೆರೆದಿದೆ ಎಂದಿತ್ತು. ‘ಓಣಿ ಮುಚ್ಚಿದೆ, ಮುಖ್ಯಸ್ಥರು ಖುದ್ದಾಗಿ ಬಂದು ನೋಡತಕ್ಕದ್ದು’ ಎಂದು ಚಂದದ ಅಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಹಾಕಿದೆ. ಮೆಟ್ಟಿಲಿಗೆ ಬಣ್ಣ ಹೊಡೆದೆ. ಮುಖ ಕ್ಷೌರ ಮಾಡಿಸಿದೆ. ಮೀಸೆಯನ್ನೂ ಸ್ವಲ್ಪ ಕಪ್ಪಾಗಿಸಿದೆ, ಬೋರ್ಡಿನ ಬಣ್ಣದಿಂದಲ್ಲ.

ಜೀಪಿನಿಂದ ಇಳಿದವರು ಇಬ್ಬರು. ಕೊಡೆ ಬಿಚ್ಚದೆ ಕಂಕುಳಲ್ಲೇ ಇಟ್ಟುಕೊಂಡು ನಡೆಯುವ ಒಬ್ಬ ಹೆಂಗಸು, ತಾನು ಹಿಡಿದ, ಜಾಗ ಗುರುತಿಸುವ ಜಿಪಿಎಸ್ ಕೋಲಿಗಿಂತ ಎತ್ತರದ ಒಬ್ಬ ಗಂಡಸು. ಅವರಿಗೆ ಕೊಡೆಯಮ್ಮ, ಕಂಬಣ್ಣ ಎಂದು ಅಲ್ಲೇ ನಾಮಕರಣ ಮಾಡಿದೆ.

“ಎಲ್ಲಿ ಯಜಮಾನ್ರೇ, ಓಣಿ ತೆರೆದೇ ಇದೆಯಲ್ಲ?” ಎಂದಳು ಕೊಡೆಯಮ್ಮ.

“ನಿನ್ನೆ ಎಮ್ಮೆ ಅಡ್ಡ ಮಲಗಿತ್ತಮ್ಮ” ಎಂದೆ.

“ಎಮ್ಮೆನ ನಕ್ಷೆಗೆ ಹಾಕೋಕೆ ನಮ್ಮಲ್ಲಿ ಗುರುತಿಲ್ಲ” ಎಂದು ನಗದೆ ಹೇಳಿದಳು. ಕಂಬಣ್ಣ ನಕ್ಕುಬಿಟ್ಟ.

ಇಬ್ಬರನ್ನೂ ಕೂರಿಸಿ ಟೀ ತರಿಸಿದೆ. ನಿನ್ನ ಸುದ್ದಿ ಕೇಳಿದೆ. ನಾನು ಯಾರೆಂದು ಹೇಳಿದ ಮೇಲೆ ಕೊಡೆಯಮ್ಮನ ಮುಖ ಸಡಿಲವಾಯಿತು. “ಮೇಡಂ ಒಳ್ಳೇವರು. ಯಾರ ಮೇಲೂ ಕೂಗಾಡಲ್ಲ. ಆದ್ರೆ ಅವರ ಊಟದ ಡಬ್ಬಿ ಹಾಗೇ ವಾಪಸ್ ಹೋಗುತ್ತೆ. ಟೇಬಲ್ ಮೇಲೆ ಟೀ ಆರಿರುತ್ತೆ” ಎಂದಳು.

ಇದನ್ನು ಕೇಳುವುದಕ್ಕೆ ಓಣಿ ಮುಚ್ಚಿದ್ದೂ ಸಾರ್ಥಕವಾಯಿತು ಎನ್ನಬೇಕೋ, ಬೇಡವೋ ತಿಳಿಯಲಿಲ್ಲ.

ನಿನ್ನ ‘ನೀನು’ ಮಾವ


ಏಪ್ರಿಲ್ 30

ನನ್ನ ಸೂಜಿಗೆ,

ಉತ್ತರವಿಲ್ಲ. ಕೆಲಸ ಹೆಚ್ಚಾಗಿರಬೇಕು. ನಿನ್ನ ಕೆಲಸ ಹಗುರ ಮಾಡಲೆಂದೇ ನಾನು ಇನ್ನಷ್ಟು ದೂರು ಕೊಟ್ಟೆ. ಹಳೆಯ ಬಾವಿ ಜಾಗ ಬಿಟ್ಟು ಸರಿದಿದೆ ಎಂದು ಒಂದು. ಸೇತುವೆ ಸೊಟ್ಟಗಿದೆ ಎಂದು ಇನ್ನೊಂದು. ಪ್ರತಿ ಸಲವೂ ‘ಮುಖ್ಯಸ್ಥರೇ ಬರತಕ್ಕದ್ದು’ ಎಂದು ಕೆಳಗೆ ಗೆರೆ ಎಳೆಯುತ್ತೇನೆ. ಪ್ರತಿ ಸಲವೂ ಜೀಪು ಬರುತ್ತದೆ, ನಾನು ಬಾಗಿಲಿಗೆ ಓಡುತ್ತೇನೆ, ಮೊದಲು ಕೊಡೆ ಇಳಿಯುತ್ತದೆ.

ಈಗ ಅವರು ನನ್ನ ಮನೆಯವರೇ ಆಗಿದ್ದಾರೆ. ಜೀಪಿನ ಹಿಂದೆ ಇಲಾಖೆಯ ಹೆಸರು ಅಳಿಸಿಹೋಗಿತ್ತು, ತಿದ್ದಿಕೊಟ್ಟೆ. ಕಂಬಣ್ಣ ಬಾವಿಯ ಪಕ್ಕ ಕೋಲು ನೆಟ್ಟು, “ಮಾವ, ಬಾವಿ ಒಂದು ಗೇಣೂ ಸರಿದಿಲ್ಲ. ನೀವೇ ಸರೀರಿ, ಬಿದ್ದೀರಿ” ಎಂದ. ಅವನೂ ನನ್ನನ್ನು ಮಾವ ಎನ್ನುತ್ತಾನೆ. ನಿನ್ನ ಕಡೆಯಿಂದ ಬಂದವರೆಲ್ಲ ಹಾಗೆ ಕರೆದರೆ ನನಗೂ ಏನೋ ಸಮಾಧಾನ.

ಇನ್ನೊಂದು ವಿಷಯ. ಕಳೆದ ವಾರ ನಿಮ್ಮ ವಿಮಾನ ಚಿತ್ರ ತೆಗೆಯುತ್ತ ಊರಿನ ಮೇಲೆ ಹೋಯಿತಲ್ಲ? ನಾನು ತಾರಸಿಯ ಮೇಲೆ ಬಿಳಿ ಅಂಗಿ ಹಾಕಿಕೊಂಡು ನಿಂತು ಎರಡೂ ಕೈ ಬೀಸಿದೆ. ಅದು ತಿರುಗಿ ಬಂದಾಗ ಮತ್ತೆ ಬೀಸಿದೆ. ಎದುರಿನ ಟೀ ಅಂಗಡಿಯಮ್ಮ ಕೆಳಗಿನಿಂದ, “ಏನಣ್ಣ, ಕಾಗೆ ಓಡಿಸ್ತಿದ್ದೀಯ?” ಎಂದು ಕೂಗಿದಳು. ಅವಳಿಗೇನು ಗೊತ್ತು.

ನಾನು ಕಂಡೆನೇ?

ನಿನ್ನ ಮಾವ


ಮೇ 16

ಮಾವನವರಿಗೆ,

ಇಲ್ಲ, ಕಾಣಲಿಲ್ಲ. ಅಷ್ಟು ಎತ್ತರದಿಂದ ಮನುಷ್ಯರು ಕಾಣುವುದಿಲ್ಲ. ಹೆಚ್ಚೆಂದರೆ ಒಂದು ಚುಕ್ಕೆ, ಅದೂ ನೀರಿನ ತೊಟ್ಟಿಯ ನೆರಳೋ ಏನೋ ಎಂದು ಬಿಟ್ಟುಬಿಡುತ್ತೇವೆ. ಮುಂದಿನ ತಿಂಗಳು ವಿಮಾನ ಇನ್ನೊಂದು ಸುತ್ತು ಬರುತ್ತದೆ. ದಯವಿಟ್ಟು ಬಿಸಿಲಿನಲ್ಲಿ ನಿಲ್ಲಬೇಡಿ.

ಬರೆಯಬೇಕೆಂದಿದ್ದದ್ದು ಬೇರೆ. ಮೊನ್ನೆಯ ಸಭೆಯಲ್ಲಿ ದೊಡ್ಡ ಸಾಹೇಬರು ನಿಮ್ಮ ಊರಿನ ದೂರುಗಳನ್ನೆಲ್ಲ ಪರದೆಯ ಮೇಲೆ ಹಾಕಿಸಿದರು. ಒಂದೂ ನಿಜವಲ್ಲ. “ಸುಳ್ಳು ದೂರಿಗೆ ಜೀಪು ಓಡಿಸೋಕೆ ಇದೇನು ಟ್ಯಾಕ್ಸಿ ಸ್ಟ್ಯಾಂಡಾ? ನಡೆದು ನೋಡಿದ್ರೂ ಅದೇ, ಕೂತು ನೋಡಿದ್ರೂ ಅದೇ ಅಂದ್ಮೇಲೆ ಕಾಲಿನವರು ಯಾಕೆ ಬೇಕು?” ಎಂದರು. ಮೇಜಿನವರು ಮೇಜು ತಟ್ಟಿದರು. ಜೂನ್ ತಿಂಗಳಿಂದ ದೂರು ಬಂದರೂ ಚಿತ್ರ ನೋಡಿಯೇ ತೀರ್ಮಾನ. ಕಾಲಿನವರನ್ನು ಸದ್ಯಕ್ಕೆ ಗೋದಾಮಿನಲ್ಲಿ ಹಳೆಯ ಕಡತ ಜೋಡಿಸಲು ಹಾಕಿದ್ದಾರೆ. ಮಳೆಗಾಲ ಮುಗಿದ ಮೇಲೆ ಅವರ ಅವಧಿ ಮುಗಿಯುತ್ತದೆ, ಮತ್ತೆ ಕರೆಯುವುದಿಲ್ಲ. ಕೊಡೆಯಮ್ಮ ನನ್ನ ಎದುರು ನಿಂತು, “ಪರವಾಗಿಲ್ಲ ಮೇಡಂ, ನೆರಳಿನ ಕೆಲಸ” ಎಂದಳು. ನಾನು ತಲೆ ಎತ್ತಲಿಲ್ಲ.

ಅವರು ನನ್ನನ್ನು ನಂಬಿಕೊಂಡಿದ್ದ ಜನ. ನೀವು ಯಾರನ್ನು ನೋಡಲು ದೂರು ಕೊಡುತ್ತಿದ್ದೀರಿ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಆಗಲೇ ಹೇಳದೆ ಇದ್ದದ್ದು ನನ್ನ ತಪ್ಪು. ಇನ್ನು ಒಂದು ದೂರನ್ನೂ ಕೊಡಬೇಡಿ, ಮಾವ.

ಸೂಜಿ


ಮೇ 25

ಸೂಜಿಗೆ,

ನಿನ್ನ ಕಾಗದ ಓದಿದ ದಿನ ಅಂಗಡಿ ತೆರೆಯಲಿಲ್ಲ. ಬ್ರಷ್ಷು ತೊಳೆದದ್ದನ್ನೇ ಮತ್ತೆ ತೊಳೆದೆ.

ಕೊಡೆಯಮ್ಮ, ಕಂಬಣ್ಣನ ಬಳಿ ಏನು ಹೇಳಲಿ? ಕಂಬಣ್ಣನಿಗೆ ಟೀ ಅಂಗಡಿಯಿಂದ ಫೋನು ಮಾಡಿದೆ. ಬೈಯುತ್ತಾನೆ ಎಂದುಕೊಂಡರೆ, “ಬಿಡಿ ಮಾವ, ನಿಮ್ಮ ದೂರಿದ್ದಿದ್ದಕ್ಕೆ ಒಳ್ಳೆ ಟೀ ಸಿಕ್ತು” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಮಾತು ಕೊಡುತ್ತೇನೆ. ಬೆಟ್ಟವೇ ಎದ್ದು ಬಂದು ನನ್ನ ಬಾಗಿಲಿಗೆ ಒರಗಿ ಕೂತರೂ ದೂರು ಕೊಡುವುದಿಲ್ಲ. ಇದು ಅಕ್ಷರವೀರನ ಮಾತು, ಅಳಿಸಿಹೋಗುವ ಬಣ್ಣದಲ್ಲಿ ಬರೆದದ್ದಲ್ಲ.

ಆದರೆ ಒಂದು ಸಂಶಯ. ಮನುಷ್ಯ ಕಾಣುವುದಿಲ್ಲ ಎಂದೆ. ಅಕ್ಷರ? ಕಂಬಣ್ಣನನ್ನು ಕೇಳಿದೆ. “ಒಂದೊಂದು ಗೆರೆ ಮಂಚದಗಲ ಇದ್ರೆ ಕಾಣಬಹುದು” ಎಂದ. ನನ್ನ ತಾರಸಿ ನನ್ನದು, ಬಣ್ಣ ನನ್ನದು. ಅದರ ಮೇಲೆ ಬರೆಯುವುದು ದೂರಲ್ಲವಷ್ಟೆ? ಏನು ಬರೆಯುತ್ತೇನೆ ಎಂದು ಹೇಳುವುದಿಲ್ಲ. ‘ಬಾ’ ಎಂದಂತೂ ಬರೆಯುವುದಿಲ್ಲ. ಅದನ್ನು ಕೇಳುವುದಿಲ್ಲ ಎಂದಿದ್ದೇನಲ್ಲ.

ಮಾವ


ಜುಲೈ 20

ನನ್ನ ಸೂಜಿಗೆ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಇದು ದೂರಲ್ಲ, ಬರೀ ಸುದ್ದಿ.

ನನ್ನ ಮನೆಗೆ ಈಗ ಅಪರಿಚಿತರು ಊಟಕ್ಕೆ ಬರುತ್ತಿದ್ದಾರೆ!

ಮೊದಲ ದಿನ ಒಬ್ಬ ಲಾರಿ ಡ್ರೈವರ್ ನೇರವಾಗಿ ಒಳಗೆ ಬಂದು, ಬೋರ್ಡುಗಳ ನಡುವೆ ಜಾಗ ಮಾಡಿಕೊಂಡು ಕೂತು, “ಏನಿದೆ ಊಟಕ್ಕೆ?” ಎಂದ. ತಲೆ ಕೆಟ್ಟವನೇನೋ ಎಂದುಕೊಂಡೆ. ಆದರೆ ಹಸಿದವನ ಮುಖ ಸುಳ್ಳು ಹೇಳುವುದಿಲ್ಲ. ನಾನು ನನಗೆ ಮಾಡಿಕೊಂಡಿದ್ದದ್ದನ್ನೇ ಬಡಿಸಿದೆ. ತಿಂದಾದ ಮೇಲೆ, “ಉಪ್ಪು ಸ್ವಲ್ಪ ಮುಂದಾಗಿದೆ, ಆದ್ರೂ ಪರವಾಗಿಲ್ಲ” ಎಂದು ಸರ್ಟಿಫಿಕೇಟ್ ಕೊಟ್ಟು ಎದ್ದ. ಇದು ಹೋಟೆಲ್ ಅಲ್ಲ ಎಂದಾಗ ಅವನಿಗೇ ನಾಚಿಕೆಯಾಗಿ, ಫೋನು ತೆಗೆದು ತೋರಿಸಿದ. ನಿನ್ನ ವಿಭಾಗದ ನಕ್ಷೆ ಈಗ ಎಲ್ಲರ ಫೋನಿನಲ್ಲೂ ಇದೆಯಂತೆ. ಅದರಲ್ಲಿ ನನ್ನ ಮನೆಯ ಮೇಲೆ ಒಂದು ತಟ್ಟೆ, ಒಂದು ಚಮಚದ ಗುರುತು. ‘ಹೋಟೆಲ್. ವಾಸದ ಮನೆಯಲ್ಲ.’

ಈಗ ಹೇಳಿಬಿಡುತ್ತೇನೆ. ನಾನು ತಾರಸಿಯ ಮೇಲೆ ಬರೆದದ್ದು ‘ಊಟ ಆಯ್ತಾ’ ಎಂದು. ಡಬ್ಬಿ ವಾಪಸ್ ಹೋಗುತ್ತದೆ ಎಂದು ಕೊಡೆಯಮ್ಮ ಹೇಳಿದ್ದು ತಲೆಯಲ್ಲಿ ಕೂತಿತ್ತು. ‘ಊಟ’ ಬರೆಯುವಷ್ಟರಲ್ಲಿ ಬಿಳಿ ಬಣ್ಣ ಮುಗಿಯಿತು. ಮನೆಯಲ್ಲಿದ್ದ ಹಳದಿಗೆ ನೀರು ಬೆರೆಸಿ ‘ಆಯ್ತಾ’ ಮುಗಿಸಿದೆ. ನಿನ್ನ ಮೇಜಿನವರಿಗೆ ಬಿಳಿ ಮಾತ್ರ ಕಂಡಿರಬೇಕು. ಪಾಪ, ಅವರ ತಪ್ಪಲ್ಲ. ಅಷ್ಟು ಚೆನ್ನಾಗಿ ಬರೆದರೆ ಯಾರಾದರೂ ಹೋಟೆಲ್ ಬೋರ್ಡು ಎಂದೇ ಓದಬೇಕು.

ಆಮೇಲೂ ಜನ ಬರುತ್ತಿದ್ದಾರೆ. ಔಷಧ ಮಾರುವವರು, ಪರೀಕ್ಷೆಗೆ ಬಂದ ಹುಡುಗಿ ಮತ್ತು ಅವಳ ಅಪ್ಪ. ಹೋಟೆಲ್ ಅಲ್ಲ ಎಂದು ಹೇಳಲು ಬಾಯಿ ತೆರೆಯುತ್ತೇನೆ, ‘ಕೂತ್ಕೊಳ್ಳಿ’ ಎಂದು ಬರುತ್ತದೆ. ಟೀ ಅಂಗಡಿಯಮ್ಮ, “ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತಿದ್ದೀಯ” ಎಂದು ಬೈಯುತ್ತಾಳೆ, ಸಂಜೆ ಬಂದು ಪಾತ್ರೆ ತೊಳೆಯಲು ಕೈಯನ್ನೂ ಹಾಕುತ್ತಾಳೆ.

ಎಲ್ಲರನ್ನೂ ಕೇಳುತ್ತೇನೆ, ಊಟ ಆಯ್ತಾ ಎಂದು. ಆಯ್ತು ಎನ್ನುತ್ತಾರೆ. ಕೇಳಬೇಕಾದವಳ ಉತ್ತರ ಮಾತ್ರ ಬಂದಿಲ್ಲ.

ಮಾತು ಕೊಟ್ಟಿದ್ದೇನೆ, ದೂರು ಕೊಡುವುದಿಲ್ಲ. ಹೋಟೆಲ್ ಆಗಿಯೇ ಇರುತ್ತೇನೆ.

ನಿನ್ನ ಮಾವ,
ಮಾಲೀಕ, ಅಡುಗೆಯವ ಮತ್ತು ಸಪ್ಲೈಯರ್


ಆಗಸ್ಟ್ 29

ನನ್ನ ಸೂಜಿಗೆ,

ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ಕ್ಷಮಿಸು, ಮಲಗಿಕೊಂಡು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ತಾರಸಿಯ ಏಣಿಯಿಂದ ಇಳಿಯುವಾಗ ಕಾಲು ಜಾರಿತು. ಮಳೆಗೆ ‘ಆಯ್ತಾ’ ತೊಳೆದುಹೋಗಿತ್ತು, ತಿದ್ದಲು ಹತ್ತಿದ್ದೆ. ಬಲಗಾಲಿನ ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಅಂತಹ ಬಿಳಿ, ನಯವಾದ ಮೇಲ್ಮೈ ನಾನು ಜೀವಮಾನದಲ್ಲಿ ನೋಡಿಲ್ಲ. ಡಾಕ್ಟರು ಒಪ್ಪಿದ್ದರೆ ಆಸ್ಪತ್ರೆಯ ಹೆಸರನ್ನು ಅದರ ಮೇಲೇ ಬರೆದುಕೊಡುತ್ತಿದ್ದೆ.

ಬಿದ್ದದ್ದು ದೊಡ್ಡದಲ್ಲ, ಆಮೇಲಿನ ತಮಾಷೆ ಕೇಳು. ಟೀ ಅಂಗಡಿಯಮ್ಮ ಆಂಬುಲೆನ್ಸಿಗೆ ಫೋನು ಮಾಡಿದಳು. ಗಾಡಿ ಬೇಗನೇ ಬಂತು, ನಮ್ಮ ಬಾಗಿಲ ಮುಂದೆಯೇ ನಿಂತಿತು, ಆಮೇಲೆ ಮುಂದೆ ಹೋಯಿತು! ಅಂಗಳದಲ್ಲಿ ಬಿದ್ದುಕೊಂಡೇ ಅದರ ಸದ್ದು ಹಿಂದಿನ ಬೀದಿಗೆ ಹೋಗುವುದನ್ನು ಕೇಳಿದೆ. ಮತ್ತೆ ಬಂತು, ಮತ್ತೆ ಹೋಯಿತು. ಮೂರನೆಯ ಸಲ ಟೀ ಅಂಗಡಿಯಮ್ಮ ರಸ್ತೆಗೆ ಅಡ್ಡ ನಿಂತಳು.

“ಕಂಟ್ರೋಲ್ ರೂಮಿನವರು ಮನೆ ಅಂದಿದ್ದಾರಮ್ಮ. ಇಲ್ಲಿ ಮನೆ ಇಲ್ಲ, ಹೋಟೆಲ್ ಅಂತ ತೋರಿಸ್ತಿದೆ” ಎಂದನಂತೆ ಡ್ರೈವರ್.

“ನಿನ್ನ ಹೋಟೆಲ್ಲು ಕಾಲು ಮುರ್ಕೊಂಡು ಬಿದ್ದಿದೆ, ಇಳಿಯಯ್ಯ ಕೆಳಗೆ!” ಎಂದು ಇವಳು ಕೂಗಿದ್ದು ನನಗೇ ಕೇಳಿಸಿತು. ಆ ನೋವಿನಲ್ಲೂ ನಗು ಬಂತು.

ಗಾಡಿ ಸುತ್ತು ಹೊಡೆಯುತ್ತಿದ್ದ ಹೊತ್ತಿನಲ್ಲಿ ಮಾತ್ರ ನಗು ಬಂದಿರಲಿಲ್ಲ. ಬಿದ್ದಲ್ಲಿಂದ ಮೇಲಿನ ಕೋಣೆಯ ಕಿಟಕಿ ಕಾಣುತ್ತಿತ್ತು. ಬೆಳಿಗ್ಗೆ ತೆಗೆದದ್ದು, ಹಾಕಿರಲಿಲ್ಲ. ಮಳೆ ಬಂದರೆ ಯಂತ್ರ ನೆನೆಯುತ್ತದಲ್ಲ ಎಂದು ಅದೇ ಯೋಚನೆ. ಹಾಕಲು ಇನ್ನು ಯಾರಿದ್ದಾರೆ ಎಂದೂ ಅನಿಸಿತು.

ಇದು ದೂರಲ್ಲ. ನೆನಪಿಡು, ನಾನು ದೂರು ಕೊಟ್ಟಿಲ್ಲ.

ಮಾವ


ಸೆಪ್ಟೆಂಬರ್ 3

ಮಾವ,

ನಿನ್ನ ಕಾಗದವನ್ನು ನಿಂತಲ್ಲೇ ಓದಿದೆ. ಫೋನು ಮಾಡಲು ಕೈಗೆತ್ತಿಕೊಂಡೆ. ನೀನು ತಮಾಷೆ ಮಾಡುತ್ತೀಯ, ನಾನು ‘ಹುಷಾರು’ ಎಂದು ಇಟ್ಟುಬಿಡುತ್ತೇನೆ ಎಂದು ಗೊತ್ತಾಗಿ ಕೆಳಗಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ತಾರಸಿಯನ್ನು ನಾನು ಜೂನ್ ತಿಂಗಳಲ್ಲೇ ನೋಡಿದೆ. ಹೊಸ ಚಿತ್ರ ಬಂದ ದಿನ ಮೊದಲು ತೆರೆದದ್ದು ನಮ್ಮ ಬೀದಿಯನ್ನೇ. ಪ್ರತಿ ಸಲವೂ ಅದನ್ನೇ ಮೊದಲು ತೆರೆಯುತ್ತೇನೆ, ಇದು ನಿನಗೆ ಗೊತ್ತಿಲ್ಲ. ಹಳದಿಯೂ ನನಗೆ ಕಂಡಿತು. ಆ ‘ಆ’ದ ಬಾಲವನ್ನು ಹಾಗೆ ಎಳೆಯುವವರು ಇನ್ನು ಯಾರಿದ್ದಾರೆ? ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿ ಪೂರ್ತಿ ಉಂಡೆ. ಆಮೇಲೆ ದಿನಾ ಮಧ್ಯಾಹ್ನ ಆ ಚಿತ್ರ ತೆರೆದಿಟ್ಟುಕೊಂಡೇ ಉಣ್ಣುತ್ತಿದ್ದೆ. ನಿನಗೆ ಎರಡು ಸಾಲು ಬರೆಯಬಹುದಿತ್ತು. ಬರೆಯಲು ಕೂತರೆ ‘ಬರುತ್ತೇನೆ’ ಎಂದೇ ಬರೆಯಬೇಕಾಗುತ್ತಿತ್ತು, ಅದಕ್ಕೆ ಧೈರ್ಯವಿರಲಿಲ್ಲ.

ಚಿತ್ರ ನೋಡಿದೆ, ಅದರ ಮೇಲೆ ನಮ್ಮವರು ಎಳೆದ ಗೆರೆ ನೋಡಲಿಲ್ಲ. ನಿಮ್ಮ ಬಡಾವಣೆಯ ನಕ್ಷೆ ಸರಿಯಿದೆ ಎಂದು ಸಹಿ ಹಾಕಿದವಳು ನಾನೇ. ಜುಲೈಯಲ್ಲಿ ನಿನ್ನ ಕಾಗದ ಬಂದಾಗ ನೆರೆಯ ಕೆಲಸಕ್ಕೆ ಬೇರೆ ಊರಿನಲ್ಲಿದ್ದೆ. ಅದು ಮೇಜಿನ ಮೇಲೆ ಬಿದ್ದಿತ್ತು. ವಾಪಸ್ ಬಂದವಳು, ದೊಡ್ಡ ಲಕೋಟೆ, ಸಮಾಧಾನವಾಗಿ ಓದೋಣ ಎಂದು ಎತ್ತಿಟ್ಟೆ. ಎರಡನ್ನೂ ಇವತ್ತು ಒಟ್ಟಿಗೆ ಓದಿದೆ.

ನೇರ ದೊಡ್ಡ ಸಾಹೇಬರ ಕೋಣೆಗೆ ಹೋದೆ. ತಟ್ಟೆ ಚಮಚದ ಗುರುತನ್ನು ತೋರಿಸಿದೆ. ಆಂಬುಲೆನ್ಸ್ ಸುತ್ತಿದ ದಾರಿಯನ್ನೂ ತೋರಿಸಿದೆ, ಅದು ನಮ್ಮಲ್ಲಿ ದಾಖಲಾಗುತ್ತದೆ. ನಿನ್ನ ಮನೆಯ ಸುತ್ತ ಕೆಂಪು ಗೆರೆ ಮೂರು ಸಲ ತಿರುಗಿತ್ತು. “ಯಾರು ಎಳೆದದ್ದು ಇದನ್ನ?” ಎಂದರು. “ಎಳೆದೋನು ಕಂಡದ್ದನ್ನ ಎಳೆದಿದ್ದಾನೆ ಸರ್. ಸಹಿ ನಂದು” ಎಂದೆ. ಆ ಕೆಂಪು ಗೆರೆಯ ಮೇಲೆ ತಾವೇ ಬೆರಳಾಡಿಸಿದರು. ಕೊನೆಗೆ, “ಮಳೆಗಾಲ ಮುಗಿಯೋವರೆಗೆ ಕಾಲಿನವರು ಹೊರಗೆ ಹೋಗಲಿ. ಆಮೇಲಿನದ್ದು ಆಮೇಲೆ ನೋಡೋಣ” ಎಂದರು. ಪೂರ್ತಿ ಗೆಲುವಲ್ಲ, ಆದರೂ ಕೊಡೆಯಮ್ಮ ಗೋದಾಮಿನಿಂದ ಕೊಡೆ ಜಾಡಿಸುತ್ತ ಹೊರಬಂದಳು.

ಸ್ವಂತ ಬಂಧುಗಳ ಮನೆಯನ್ನು ನಮ್ಮ ನೌಕರರು ತಾವೇ ತಿದ್ದುವಂತಿಲ್ಲ. ಅದೂ ನಾನೇ ಮಾಡಿದ ನಿಯಮ. ಆದ್ದರಿಂದ ಶನಿವಾರ ಕೊಡೆಯಮ್ಮ, ಕಂಬಣ್ಣ ಬಂದು ನಿನ್ನ ಮನೆಯನ್ನು ಮತ್ತೆ ಮನೆ ಮಾಡುತ್ತಾರೆ. ನಾನು ರಜೆ ಹಾಕಿ ಅದೇ ಜೀಪಿನಲ್ಲಿ ಹಿಂದೆ ಕೂತು ಬರುತ್ತೇನೆ. ನಕ್ಷೆ ಹಿಡಿದುಕೊಂಡು ಬರುವುದಿಲ್ಲ.

ಅಮ್ಮ ಹೋದ ದಿನ ನಾನು ಇದೇ ಕಚೇರಿಯಲ್ಲಿ ಕೂತು ಬೇರೆಯವರ ಮನೆಗಳ ಮೇಲೆ ನೆರೆಯ ನೀರಿನ ಗೆರೆ ಎಳೆಯುತ್ತಿದ್ದೆ. ‘ಇದೊಂದು ಊರು ಮುಗಿಸಿ ಹೊರಡುತ್ತೇನೆ’ ಎಂದು ನಿನಗೆ ಹೇಳಿದ್ದೆ. ಮುಗಿಸಿಯೇ ಹೊರಟೆ. ಅಂದಿನಿಂದ ನಮ್ಮ ತಾರಸಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೀರಿನ ತೊಟ್ಟಿ ಕಾಣುತ್ತದೆ, ಅಂಗಳದ ಮರದ ನೆರಳು ಕಾಣುತ್ತದೆ. ಮೇಲಿನಿಂದ ಮೆಟ್ಟಿಲು ಕಾಣುವುದಿಲ್ಲ, ಮಾವ. ಅದಕ್ಕೇ ಅಲ್ಲಿಂದಲೇ ನೋಡುತ್ತ ಉಳಿದುಬಿಟ್ಟೆ.

ಕಿಟಕಿ ತೆರೆದೇ ಇರಲಿ.

ನಿನ್ನ ಸೂಜಿ


ಸೆಪ್ಟೆಂಬರ್ 21

ನನ್ನ ಸೂಜಿಗೆ,

ಜೀಪಿನಿಂದ ಮೊದಲು ಕೊಡೆಯೇ ಇಳಿಯಿತು. ನಂತರ ಕೋಲು, ನಂತರ ಕಂಬಣ್ಣ. ಹಾಸಿಗೆಯಿಂದ ಬಾಗಿಲಷ್ಟೇ ಕಾಣುತ್ತಿತ್ತು. ಇನ್ನೂ ಯಾರೋ ಇಳಿಯುವ ಸದ್ದು ಬಂದಾಗ ನಾನು ಏನೋ ಹುಡುಕುವವನಂತೆ ಗೋಡೆಯ ಕಡೆ ತಿರುಗಿದೆ. ನೀನು ನೋಡಿದೆ ಎಂದು ಗೊತ್ತು. ಕಣ್ಣಿಗೆ ಬಣ್ಣ ಬಿದ್ದಿತ್ತು ಎಂದು ಹೇಳಿದೆನಲ್ಲ, ಬೀದಿಯಲ್ಲಿ ಕೇಳಿದರೂ ಅದನ್ನೇ ಹೇಳು.

ಕೊಡೆಯಮ್ಮ ಬಾಗಿಲಲ್ಲಿ ನಿಂತು, “ಇಲ್ಲಿ ವಾಸ ಇರೋರು ಎಷ್ಟು ಜನ?” ಎಂದು ನಿಯಮದ ಪ್ರಕಾರ ಕೇಳಿದಾಗ ನಾನು ‘ಒಬ್ಬ’ ಎನ್ನಬೇಕಿತ್ತು. ನೀನು ಸಾರು ಬಿಸಿ ಮಾಡುತ್ತ ಒಳಗಿದ್ದೆ. ನಾನು ಅಡುಗೆಮನೆಯ ಕಡೆ ನೋಡಿದೆ. ಅವಳು ಏನೋ ಬರೆದುಕೊಂಡಳು, ಏನೆಂದು ಕೇಳಲಿಲ್ಲ.

ಮಧ್ಯಾಹ್ನ ನೀನು ಮೇಲೆ ಹೋದೆ. ಮೆಟ್ಟಿಲಿನ ಅರ್ಧಕ್ಕೆ ನಿಂತದ್ದು ಕೇಳಿಸಿತು. ಟೀ ಅಂಗಡಿಯಮ್ಮ ಕರೆಯಲು ಬಾಯಿ ತೆರೆದಳು, ನಾನು ಕೈ ಸನ್ನೆ ಮಾಡಿ ಸುಮ್ಮನಾಗಿಸಿದೆ. ಆಮೇಲೆ ಮತ್ತೆ ಹೆಜ್ಜೆ. ಕುರ್ಚಿ ಎಳೆದ ಸದ್ದು. ಆಮೇಲೆ ಯಂತ್ರದ ಸದ್ದು ಶುರುವಾಯಿತು. ದಾರ ಇರಲಿಲ್ಲ, ಬಟ್ಟೆ ಇರಲಿಲ್ಲ ಎಂದು ನನಗೆ ಗೊತ್ತು, ಸುಮ್ಮನೆ ತುಳಿಯುತ್ತಿದ್ದೆ. ಎರಡು ವರ್ಷ ಎಣ್ಣೆ ಬಿಟ್ಟದ್ದು ಯಾಕೆ ಎಂದು ಕೇಳಿದ್ದೆಯಲ್ಲ? ಅದು ಕಿರುಗುಟ್ಟಲಿಲ್ಲ, ಗಮನಿಸಿದೆಯಾ? ಸುಮ್ಮನೆ ಕೇಳಿದೆ, ಜಂಬಕ್ಕಲ್ಲ.

ಈಗ ಮುಖ್ಯ ವಿಷಯ. ಹೊರಡುವ ಮೊದಲು ನೀನು ಬಣ್ಣದ ಡಬ್ಬಿ ಹಿಡಿದು ತಾರಸಿ ಹತ್ತಿದೆ. ಇಳಿದು ಬಂದಾಗ ಮೊಣಕೈವರೆಗೆ ಬಿಳಿ. ‘ಊಟ ಆಯ್ತಾ’ ಎಂಬುದರ ಕೆಳಗೆ ಏನೋ ಬರೆದಿದ್ದೀಯ. ಕೇಳಿದರೆ, “ಕಾಲು ವಾಸಿಯಾದ್ಮೇಲೆ ಹತ್ತಿ ನೋಡು” ಎಂದು ಜೀಪು ಹತ್ತಿಬಿಟ್ಟೆ. ಟೀ ಅಂಗಡಿಯಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ನೋಡಿ ಬಂದಿದ್ದಾಳೆ. “ಅಕ್ಷರ ಕಾಗೆ ಕಾಲಿನ ಹಾಗಿದೆ, ಓದಿ ಹೇಳ್ಲಾ?” ಎಂದಳು. ಬೇಡ ಎಂದೆ. ಕಂಬಣ್ಣ ಫೋನಿನಲ್ಲಿ ಚಿತ್ರ ಕಳಿಸುತ್ತೇನೆ ಎಂದ. ಅದೂ ಬೇಡ ಎಂದೆ.

ಪ್ಲಾಸ್ಟರ್ ತೆಗೆಯುವವರೆಗೆ ನಾನು ಆ ಅಕ್ಷರಗಳ ಕೆಳಗೇ ಮಲಗಿರುತ್ತೇನೆ. ಮೇಲೆ ಏನು ಬರೆದಿದೆ ಎಂದು ದಿನಕ್ಕೊಂದು ಊಹೆ. ಒಂದು ದಿನ ‘ಆಯ್ತು’ ಎಂದುಕೊಳ್ಳುತ್ತೇನೆ, ಇನ್ನೊಂದು ದಿನ ‘ನಿನ್ನದಾಯ್ತಾ’ ಎಂದುಕೊಳ್ಳುತ್ತೇನೆ.

ಆದರೆ ಮೊದಲ ಸಲ ಅದನ್ನು ಒಬ್ಬನೇ ನಿಂತು ಓದಲು ನನಗೆ ಮನಸ್ಸಿಲ್ಲ. ಏಣಿಯನ್ನು ಹಿಡಿದುಕೊಳ್ಳಲು ಕೆಳಗೊಬ್ಬರು ಬೇಕು ಎಂದು ಡಾಕ್ಟರೂ ಹೇಳಿದ್ದಾರೆ. ಡಾಕ್ಟರು ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಫೆಬ್ರವರಿಯಿಂದ ಕೇಳುವುದಿಲ್ಲ, ಕೇಳುವುದಿಲ್ಲ ಎಂದು ಬರೆದೆ. ಓಣಿ, ಬಾವಿ, ಸೇತುವೆ ಎಲ್ಲವನ್ನೂ ಕೇಳಿದೆ, ಇದೊಂದನ್ನು ಬಿಟ್ಟು. ಈಗ ಕೇಳುತ್ತಿದ್ದೇನೆ, ಸೂಜಿ.

ಯಾವಾಗ ಬರ್ತೀಯ?

ನಿನ್ನ ಮಾವ